ತಾರಸಿಯ ಮೇಲೊಂದು ಊಟ

ನಮ್ಮ ಹಿರಿಯರು ಮನೆ ಕಟ್ಟುವಾಗ ಅದರ ಒಂದೊಂದು ಭಾಗಕ್ಕೂ ಒಂದೊಂದು ಕೆಲಸವನ್ನು ಗೊತ್ತುಮಾಡಿದ್ದರು. ಜಗಲಿ ಹರಟೆಗೆ, ನಡುಮನೆ ಊಟಕ್ಕೆ, ದೇವರಮನೆ ದೇವರಿಗೆ, ಹಿತ್ತಿಲು ಬಾವಿಗೂ ಬಾಳೆಗೂ. ಇಂಥದೇ ಎಂಬ ಕೆಲಸವಿಲ್ಲದೆ ಉಳಿದುಕೊಂಡದ್ದು ತಾರಸಿಯೊಂದೇ. ಕೆಲಸವಿಲ್ಲದೆ ಕುಳಿತವನ ಮೇಲೆ ಎಲ್ಲರ ಕೆಲಸವೂ ಬೀಳುವುದು ಲೋಕರೂಢಿಯಷ್ಟೆ? ತಾರಸಿಗೂ ಹಾಗೆಯೇ ಆಯಿತು. ಬೇಸಗೆಯಲ್ಲಿ ಹಪ್ಪಳ ಸಂಡಿಗೆಗಳು ಒಣಗುವುದು ಅಲ್ಲಿ. ಆಷಾಢದಲ್ಲಿ ಗಾಳಿಪಟ ಏರುವುದು ಅಲ್ಲಿಂದ. ಪರೀಕ್ಷೆಗೆ ಓದುತ್ತೇನೆಂದು ಪುಸ್ತಕ ಹಿಡಿದು ಹೋದವನು ಬೀದಿಯನ್ನು ನೋಡುತ್ತ ನಿಲ್ಲುವುದು ಅಲ್ಲಿ. ಮನೆಯಲ್ಲಿ ಯಾರ ಮುಂದೆಯೂ ಅಳಲಾಗದವರು ಹೋಗಿ ಅತ್ತು ಬರುವುದೂ ಅಲ್ಲಿಯೇ. ಇವೆಲ್ಲಕ್ಕೂ ಮಿಗಿಲಾಗಿ, ಹುಣ್ಣಿಮೆಯ ರಾತ್ರಿ ಬೆಳದಿಂಗಳ ಊಟ ನಡೆಯುತ್ತಿದ್ದುದು ಆ ತಾರಸಿಯ ಮೇಲೆ.

ಬೆಳದಿಂಗಳ ಊಟವೆಂದರೇನೆಂದು ವಾಚಕರಿಗೆ ವಿವರಿಸಬೇಕಾದ್ದಿಲ್ಲ. ನಡುವೆ ಅಜ್ಜಿ, ಅವಳ ಮುಂದೆ ಒಂದು ದೊಡ್ಡ ಪಾತ್ರೆ, ಸುತ್ತಲೂ ಮಕ್ಕಳು. ತಟ್ಟೆಯಿಲ್ಲ, ಎಲೆಯಿಲ್ಲ; ಅಂಗೈಯೇ ತಟ್ಟೆ. ಹುಳಿಯನ್ನದ ತುತ್ತು ಒಂದು ಸುತ್ತು ಬಂದು ಮುಗಿದ ಮೇಲೆ ಮೊಸರನ್ನದ ತುತ್ತು; ಅದರ ನಡುವೆ ಹೆಬ್ಬೆರಳಿನಿಂದ ಮಾಡಿದ ಕುಳಿಯಲ್ಲಿ ಉಪ್ಪಿನಕಾಯಿಯ ರಸ. ನಾಲ್ಕು ತುತ್ತಿಗೆ ಸಾಕೆನ್ನುವ ಹುಡುಗ ಅಲ್ಲಿ ಹದಿನಾಲ್ಕು ತುತ್ತು ತಿನ್ನುತ್ತಿದ್ದ. ಚಂದ್ರನಿಗೆ ಪಚನಶಕ್ತಿಯುಂಟೆಂದು ನಮ್ಮ ಅಜ್ಜಿ ನಂಬಿದ್ದಳು.

ಅದೇ ಬೆಳದಿಂಗಳ ಊಟ ಈಗ ಇಟಲಿ ದೇಶವನ್ನು ಸುತ್ತಿಕೊಂಡು ನಮ್ಮ ಬಸವನಗುಡಿಗೆ ಹಿಂದಿರುಗಿದೆ. ಗಾಂಧಿ ಬಜಾರಿನಿಂದ ಹತ್ತು ನಿಮಿಷ ನಡೆದರೆ ಸಿಗುವ ಒಂದು ಅಡ್ಡರಸ್ತೆಯಲ್ಲಿ, ನಾಲ್ಕಂತಸ್ತಿನ ಕಟ್ಟಡವೊಂದರ ನೆತ್ತಿಯ ಮೇಲೆ, ಇಟಲಿಯ ಊಟ ಬಡಿಸುವ ಹೋಟೆಲೊಂದಿದೆ. ಹೋಟೆಲಿನ ಹೆಸರು ಇಲ್ಲಿ ಅಪ್ರಸ್ತುತ. ಮೇಲೆ ಆಕಾಶ, ಕುಂಡಗಳಲ್ಲಿ ಗಿಡಗಳು, ದ್ರಾಕ್ಷಿಗೊಂಚಲಿನಂತೆ ತೂಗುವ ಸಣ್ಣ ದೀಪಗಳು, ಮರದ ಮೇಜುಗಳು. ಒಂದು ಶನಿವಾರದ ಸಂಜೆ ನಾವು ಆರು ಮಂದಿ ಅಲ್ಲಿಗೆ ಊಟಕ್ಕೆ ಹೋದೆವು: ನಮ್ಮ ತಾಯಿ, ಪುಣೆಯಿಂದ ಬಂದಿದ್ದ ಅಣ್ಣ, ಅತ್ತಿಗೆ, ಅವರ ಹದಿನಾರು ವರ್ಷದ ಮಗಳು, ನಾನು, ನನ್ನಾಕೆ.

ಹೊರಗಿನ ಊಟ ನಮ್ಮ ಬಡಾವಣೆಗೆ ಹೊಸತಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಪೇಟೆಯ ಇಕ್ಕಟ್ಟನ್ನು ಬಿಟ್ಟು ಗಾಳಿ ಬೆಳಕುಗಳನ್ನು ಅರಸಿ ಬಂದವರಿಂದ ತುಂಬಿದ ಬಡಾವಣೆ ಇದು. ಮೊದಮೊದಲು ಇಲ್ಲಿನವರು ಮನೆಯ ಹೊರಗೆ ನೀರು ಕುಡಿಯಲೂ ಹಿಂದುಮುಂದು ನೋಡುತ್ತಿದ್ದರಂತೆ. ಕಾಲ ಅವರನ್ನು ಮೆಲ್ಲಮೆಲ್ಲನೆ ಹದಕ್ಕೆ ತಂದಿತು. ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ಹುಟ್ಟಿದ್ದು 1924ರಲ್ಲಿ, ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ, ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಅಭಾವವಾದಾಗ ರವೆಯಿಂದ ಇಡ್ಲಿ ಮಾಡಿ ನೋಡಿದವರು ತಾವೆಂದು ಎಂ.ಟಿ.ಆರ್.ನವರು ಹೇಳಿಕೊಳ್ಳುತ್ತಾರೆ. ಕೆ. ಎಸ್. ನಿಸಾರ್ ಅಹಮದ್ 1960ರಲ್ಲಿ ತಮ್ಮ ಮೊದಲ ಕವನ ಸಂಕಲನಕ್ಕೆ ‘ಮನಸು ಗಾಂಧಿ ಬಜಾರು’ ಎಂದು ಹೆಸರಿಟ್ಟರು. ಮನಸ್ಸನ್ನು ಬಜಾರಿಗೆ ಹೋಲಿಸಬೇಕೆಂದು ಒಬ್ಬ ಕವಿಗೆ ತೋರುವಷ್ಟು ಜನ, ಹೂವು, ಹಣ್ಣು, ಮಾತು ಆ ರಸ್ತೆಯಲ್ಲಿದ್ದವು. ಕಾಫಿಯ ವಾಸನೆಯೂ ಇದ್ದಿತೆಂದು ಬೇರೆ ಹೇಳಬೇಕೆ?

ಆದರೆ ವಿದ್ಯಾರ್ಥಿ ಭವನಕ್ಕೆ ಹೋಗುವವನು ದೋಸೆಗಾಗಿ ಹೋಗುತ್ತಾನೆ. ನಾವು ಆ ಸಂಜೆ ತಾರಸಿಯನ್ನು ಏರಿದ್ದು ಊಟಕ್ಕಾಗಿ ಮಾತ್ರವೇ ಅಲ್ಲ. ನಮ್ಮ ಮನೆಯ ಮಾತು ಇತ್ಯರ್ಥವಾಗಬೇಕಾಗಿತ್ತು.

ಮನೆ ನಮ್ಮ ತಾತ ಕಟ್ಟಿಸಿದ್ದು. ತೇಗದ ತೊಲೆ, ಇಟ್ಟಿಗೆ, ಸುಣ್ಣದ ಗಾರೆಗಳ ಮದರಾಸು ತಾರಸಿ. ಮೂರು ವರ್ಷಗಳ ಹಿಂದೆ ತಂದೆಯವರು ತೀರಿಕೊಂಡ ಮೇಲೆ ಅದರಲ್ಲಿ ಇರುವವರು ಅಮ್ಮ, ನಾನು, ನನ್ನಾಕೆ. ಮಳೆಗಾಲದಲ್ಲಿ ನಮ್ಮೊಡನೆ ಮಳೆಯೂ ಇರುತ್ತದೆ. ಕಳೆದ ವರ್ಷ ಒಬ್ಬ ವ್ಯಾಪಾರಸ್ಥರು ಬಂದು, ಮನೆಯನ್ನು ದೀರ್ಘಕಾಲದ ಗುತ್ತಿಗೆಗೆ ಕೊಟ್ಟರೆ ಅಲ್ಲೊಂದು ಹೋಟೆಲು ಮಾಡುವುದಾಗಿ ಕೇಳಿದ್ದರು. ಕಂಬಗಳನ್ನು ಹಾಗೆಯೇ ಉಳಿಸುತ್ತೇವೆ, ಹಳೆಯ ಕಿಟಕಿಗಳಿಗೆ ಬಣ್ಣ ಕೊಡುತ್ತೇವೆ, ತಾರಸಿಯ ಮೇಲೆ ಮೇಜು ಹಾಕುತ್ತೇವೆ ಎಂದು ಅವರ ಯೋಜನೆ. ಬಾಡಿಗೆಯಾಗಿ ಅವರು ಹೇಳಿದ ಮೊತ್ತ ನನ್ನ ತಿಂಗಳ ಸಂಬಳಕ್ಕಿಂತ ಹೆಚ್ಚಿನದಾಗಿತ್ತು. ಅಣ್ಣನ ಮಗಳು ಮುಂದೆ ಓದಬೇಕು. ಅವಳ ಓದಿಗೆ ಬೇಕಾಗುವ ಹಣವನ್ನು ಕೇಳಿದರೆ ನಮ್ಮ ತಾತ ಒಂದು ಇಡೀ ಬೀದಿಯನ್ನು ಕೊಂಡುಕೊಳ್ಳುತ್ತಿದ್ದರು. ಅಣ್ಣನದು ದುರಾಸೆಯಲ್ಲ, ಲೆಕ್ಕ. ‘ಅಂಥ ಹೋಟೆಲು ಹೇಗಿರುತ್ತದೆಂಬುದನ್ನು ಅಮ್ಮ ಒಮ್ಮೆ ಕಣ್ಣಾರೆ ನೋಡಲಿ, ಆಮೇಲೆ ಮಾತಾಡೋಣ’ ಎಂದು ಅವನೇ ಈ ಊಟವನ್ನು ಏರ್ಪಡಿಸಿದ್ದ.

ಲಿಫ್ಟಿನಿಂದ ಹೊರಬಿದ್ದ ಕೂಡಲೇ ಕರಿಯ ಹಲಗೆಯೊಂದು ನಮ್ಮನ್ನು ಸ್ವಾಗತಿಸಿತು. ಬಯಲಿನಲ್ಲಿ ಕುಳಿತು ಉಣ್ಣುವ ವ್ಯವಸ್ಥೆಯನ್ನು ಸೂಚಿಸಲು ‘ಆಲ್ ಫ್ರೆಸ್ಕೊ’ ಎಂಬ ಮಾತನ್ನು ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದರು. ಈ ಮಾತು ಇಟಲಿಯದೇ. ಆದರೆ ಈ ಅರ್ಥದಲ್ಲಿ ಅದನ್ನು ಬೆಳೆಸಿದವರು ಇಂಗ್ಲಿಷರು. ಬಯಲ ಊಟಕ್ಕೆ ಇಟಲಿಯವರು ‘ಆಲ್ಲಪೆರ್ತೊ’ ಎನ್ನುತ್ತಾರೆ. ಅವರ ಆಡುನುಡಿಯಲ್ಲಿ ‘ಆಲ್ ಫ್ರೆಸ್ಕೊ’ ಎಂದರೆ ತಣ್ಣಗಿನ ಜಾಗದಲ್ಲಿರುವುದು, ಎಂದರೆ ಸೆರೆಮನೆಯಲ್ಲಿರುವುದು ಎಂಬ ಅರ್ಥವೂ ಉಂಟು. ನಮ್ಮಲ್ಲಿ ಸೆರೆಮನೆಗೆ ‘ಮಾವನ ಮನೆ’ ಎನ್ನುವುದಿಲ್ಲವೆ, ಹಾಗೆ. ಈ ವಿಷಯವನ್ನು ನಾನು ನನ್ನಾಕೆಗೆ ಹೇಳಿದೆ. ಮೇಷ್ಟರು ರಜದ ದಿನವಾದರೂ ರಜ ತೆಗೆದುಕೊಳ್ಳಬೇಕೆಂದು ಅವಳು ಸೂಚಿಸಿದಳು.

ಕರಿಯ ನಿಲುವಂಗಿ ಕಟ್ಟಿದ್ದ ಹುಡುಗನೊಬ್ಬ ಬಂದು ಇಂಗ್ಲಿಷಿನಲ್ಲಿ ನಮ್ಮ ಯೋಗಕ್ಷೇಮವನ್ನು ವಿಚಾರಿಸಿದ. ಅಮ್ಮ ಅವನನ್ನು ನೋಡಿ, ‘ಏನಪ್ಪ, ಯಾವ ಊರು ನಿನ್ನದು?’ ಎಂದು ಕೇಳಿದರು. ಹುಡುಗನ ಮುಖದಿಂದ ಇಟಲಿ ಇಳಿದುಹೋಗಿ ಕುಂದಾಪುರ ಬಂದು ಕುಳಿತುಕೊಂಡಿತು. ಅವನ ಸೋದರಮಾವ ಬಹಳ ಹಿಂದೆಯೇ ಬೆಂಗಳೂರಿಗೆ ಬಂದು ಹೋಟೆಲಿನಲ್ಲಿ ಮಾಣಿಯಾಗಿದ್ದನಂತೆ. ನೂರು ವರ್ಷಗಳಿಂದ ಈ ಊರಿಗೆ ಬಡಿಸುತ್ತಿರುವ ಕೈ ಅದೇ ಕರಾವಳಿಯದು. ಬಡಿಸುವ ಪದಾರ್ಥ ಮಾತ್ರ ಬೇರೆಯಾಗಿದೆ.

‘ಇದರಲ್ಲಿ ಮೊಟ್ಟೆ ಇದೆಯೇನಪ್ಪ?’ ಎಂದು ಅಮ್ಮ ಪಟ್ಟಿಯ ಒಂದು ಸಾಲಿನ ಮೇಲೆ ಬೆರಳಿಟ್ಟು ಕೇಳಿದರು.

‘ಇಲ್ಲ ಅಮ್ಮ. ಮೊಟ್ಟೆ ಹಾಕಿ ಹಸಿಯಾಗಿ ಮಾಡುವುದು ಬೇರೆ ಉಂಟು. ಇದು ಒಣಗಿಸಿದ್ದು. ಬರೀ ಗೋಧಿರವೆ, ನೀರು, ಅಷ್ಟೇ.’

‘ಹಾಗಾದರೆ ಶ್ಯಾವಿಗೆ ಅನ್ನು. ಅದಕ್ಕೆ ಇಷ್ಟು ದೊಡ್ಡ ಹೆಸರು ಯಾಕೆ?’

ನಮ್ಮ ತಾಯಿ ಆಡಿದ ಈ ಮಾತನ್ನು ಬಿಡಿಸಿ ನೋಡಿದರೆ ಅದರಲ್ಲಿ ಹುರುಳಿರುವುದು ಕಾಣುತ್ತದೆ. ನಮ್ಮ ದಿನಸಿ ಅಂಗಡಿಗಳಲ್ಲಿ ಶ್ಯಾವಿಗೆಯ ಪೊಟ್ಟಣದ ಮೇಲೆ ಅಚ್ಚಾಗಿರುವ ‘ವರ್ಮಿಸೆಲ್ಲಿ’ ಎಂಬ ಪದವೇ ಇಟಲಿಯದು. ಅದರ ಅರ್ಥ ‘ಸಣ್ಣ ಹುಳುಗಳು’. ಅರ್ಥ ತಿಳಿದಿದ್ದರೆ ನಮ್ಮ ಅಜ್ಜಿ ಪಾಯಸವನ್ನು ಹಿತ್ತಿಲಿಗೆ ಚೆಲ್ಲುತ್ತಿದ್ದಳು. ಇಟಲಿಯ ಉತ್ತರದಲ್ಲಿ, ಎಮಿಲಿಯಾ ಪ್ರಾಂತದ ಕಡೆ, ಮೆತ್ತಗಿನ ಗೋಧಿಹಿಟ್ಟಿಗೆ ಮೊಟ್ಟೆ ಹಾಕಿ ನಾದಿ ಹಸಿಯಾಗಿಯೇ ಬೇಯಿಸುವುದು ರೂಢಿ. ದಕ್ಷಿಣದಲ್ಲಿ ಗಟ್ಟಿಗೋಧಿಯ ರವೆಗೆ ನೀರು ಮಾತ್ರ ಬೆರೆಸಿ ಒತ್ತಿ ಒಣಗಿಸುತ್ತಾರೆ. ಒಣ ಪಾಸ್ತವನ್ನು ಈ ಗಟ್ಟಿಗೋಧಿಯಿಂದಲೇ ಮಾಡಬೇಕೆಂದು 1967ರಲ್ಲಿ ಆ ದೇಶ ಶಾಸನವನ್ನೇ ಮಾಡಿತು. ಗಾಂಧಿ ಬಜಾರಿನ ದಿನಸಿ ಅಂಗಡಿಗೆ ಹೋಗಿ ‘ಬನ್ಸಿ ರವೆ ಕೊಡಿ’ ಎಂದು ಕೇಳುವವರು ಕೊಂಡೊಯ್ಯುವುದೂ ಇದೇ ಗಟ್ಟಿಗೋಧಿಯ ರವೆ. ನಾವು ಅದನ್ನು ಬೆಳಿಗ್ಗೆ ಉಪ್ಪಿಟ್ಟು ಮಾಡುತ್ತೇವೆ. ಅವರು ರಾತ್ರಿ ಸ್ಪಾಗೆಟಿ ಮಾಡುತ್ತಾರೆ. ಬೆಳಗಾವಿ, ಬಾಗಲಕೋಟೆಗಳ ಕಡೆ ಬೆಳೆಯುವ ಜವೆ ಗೋಧಿಯೂ ಇಟಲಿಯವರು ‘ಫಾರ್ರೊ’ ಎಂದು ಆದರದಿಂದ ಉಣ್ಣುವ ಧಾನ್ಯವೂ ಒಂದೇ ಕುಲದವು. ನೇಪಲ್ಸಿನ ಹತ್ತಿರ ಗ್ರನ್ಯಾನೊ ಎಂಬ ಊರಿದೆ. ಯಂತ್ರಗಳು ಬರುವುದಕ್ಕೆ ಮುಂಚೆ ಅಲ್ಲಿನ ಜನ ಬೀದಿಯುದ್ದಕ್ಕೂ ಗಳು ಕಟ್ಟಿ, ಅವುಗಳ ಮೇಲೆ ಪಾಸ್ತದ ಎಳೆಗಳನ್ನು ಇಳಿಬಿಟ್ಟು, ಗಾಳಿಗೂ ಬಿಸಿಲಿಗೂ ಒಣಗಿಸುತ್ತಿದ್ದರು. ಬೇಸಗೆಯಲ್ಲಿ ನಮ್ಮ ತಾರಸಿಯನ್ನು ಕಂಡವರಿಗೆ ಆ ಬೀದಿ ಅಪರಿಚಿತವಾಗಿ ತೋರಲಾರದು.

ತಿಂಡಿಗಳು ಒಂದೊಂದಾಗಿ ಬಂದವು. ನಮ್ಮ ಬಾಳೆಯೆಲೆಯ ಮೇಲೆ ಉಪ್ಪಿನಿಂದ ಹಿಡಿದು ಪಾಯಸದವರೆಗೆ ಎಲ್ಲಕ್ಕೂ ಒಂದೊಂದು ಜಾಗ ಗೊತ್ತಾಗಿದೆ. ಅವರಲ್ಲಿ ಒಂದೊಂದಕ್ಕೂ ಒಂದೊಂದು ಹೊತ್ತು ಗೊತ್ತಾಗಿದೆ. ಒಂದು ಮುಗಿಯದೆ ಮತ್ತೊಂದು ಬಾರದು. ಇದರಿಂದ ಮಾತಿಗೆ ಬಹಳ ಬಿಡುವು ದೊರೆಯುತ್ತದೆ. ಮನೆಯ ವ್ಯಾಜ್ಯವನ್ನು ಇತ್ಯರ್ಥ ಮಾಡಲು ಇಟಲಿಯ ಊಟ ಪ್ರಶಸ್ತವೆಂದು ಅಣ್ಣ ಯೋಚಿಸಿಯೇ ಆರಿಸಿದ್ದನೋ ಏನೋ. ಅಕ್ಕಿಯನ್ನು ಸಾರಿನಲ್ಲಿ ಬೇಯಿಸಿ ಬೆಣ್ಣೆ ಕಲಸಿದ ‘ರಿಸೊಟ್ಟೊ’ ಬಂದಾಗ ಅಮ್ಮ ಒಂದು ಚಮಚ ರುಚಿ ನೋಡಿ, ‘ಬಕಾಳಬಾತಿಗೆ ಮೊಸರು ಮರೆತಿದ್ದಾರೆ’ ಎಂದರು. ಆದರೂ ತಟ್ಟೆಯನ್ನು ಹಿಂದಕ್ಕೆ ತಳ್ಳಲಿಲ್ಲ.

ಆಮೇಲೆ ಬಂದ ಪಿಜ್ಜದ ಮೇಲೆ ಹಸುರು ಎಲೆಗಳಿದ್ದವು. ಅಮ್ಮ ಒಂದೆಲೆಯನ್ನು ಎತ್ತಿ ಮೂಸಿ ನೋಡಿ, ‘ಕಾಮಕಸ್ತೂರಿ!’ ಎಂದು ಉದ್ಗರಿಸಿದರು. ‘ದೇವರಿಗೆ ಏರಿಸುವುದನ್ನು ಇವರು ರೊಟ್ಟಿಯ ಮೇಲೆ ಹಾಕಿದ್ದಾರಲ್ಲ!’ ಅದು ನಿಜ. ಇಟಲಿಯವರು ‘ಬಾಸಿಲಿಕೊ’ ಎನ್ನುವ ಗಿಡವೇ ನಮ್ಮ ಕಾಮಕಸ್ತೂರಿ. ಗಾಂಧಿ ಬಜಾರಿನ ಹೂವಾಡಗಿತ್ತಿಯರು ಕನಕಾಂಬರದ ನಡುವೆ ಹಸುರಿಗೆಂದು ಸೇರಿಸಿ ಕಟ್ಟುವ ಮರುಗ ಇನ್ನೂ ಸೋಜಿಗದ ಗಿಡ. ಪಿಜ್ಜದ ಮೇಲೆ ಉದುರಿಸುವ ಒರೆಗಾನೊ ಅದರ ಒಡಹುಟ್ಟು. ನಾವು ಮುಡಿಯುವುದನ್ನು ಅವರು ತಿನ್ನುತ್ತಾರೆ. ಆ ಹೆಂಗಸರ ಬುಟ್ಟಿಗಳ ಮುಂದೆ ನಿಂತರೆ ಅರ್ಧ ಇಟಲಿಯ ಅಡಿಗೆಮನೆ ವಾಸನೆಗೆ ಸಿಕ್ಕುತ್ತದೆಂಬುದು ನನಗೆ ಆ ರಾತ್ರಿಯವರೆಗೂ ಹೊಳೆದಿರಲಿಲ್ಲ.

ಹಾಗಿದ್ದರೆ ಪಿಜ್ಜದ ಕೆಂಪು ಇಟಲಿಯದೇ? ಅದೂ ಅಲ್ಲ. 1492ರಲ್ಲಿ ಕೊಲಂಬಸ್ ಅಮೆರಿಕವನ್ನು ತಲುಪುವವರೆಗೆ ಟೊಮೇಟೊ ಎಂಬ ಹಣ್ಣು ಯೂರೋಪಿನಲ್ಲಾಗಲಿ ನಮ್ಮಲ್ಲಾಗಲಿ ಇರಲಿಲ್ಲ. ಇಟಲಿಯಲ್ಲಿ ಅದರ ಹೆಸರು ಮೊದಲು ದಾಖಲೆಯಾದದ್ದು 1548ರಲ್ಲಿ. ಅಲ್ಲಿನ ಪಾಕಪುಸ್ತಕವೊಂದರಲ್ಲಿ ಅದರ ಗೊಜ್ಜು ಕಾಣಿಸಿಕೊಳ್ಳಲು ಮತ್ತೆ ನೂರೈವತ್ತು ವರ್ಷ ಬೇಕಾಯಿತು. ಹದಿನಾರನೆಯ ಶತಮಾನದ ಆದಿಯಲ್ಲಿ ನಮ್ಮ ಮೂರನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ವನ್ನು ಬರೆದಾಗ ಅವನ ಅಡಿಗೆಮನೆಯಲ್ಲೂ ಟೊಮೇಟೊ ಇರಲಿಲ್ಲ. ಇಂದಿಗೂ ನಮ್ಮ ಮನೆಗಳಲ್ಲಿ ಶ್ರಾದ್ಧದ ದಿನ ಟೊಮೇಟೊ, ಮೆಣಸಿನಕಾಯಿ, ಆಲೂಗಡ್ಡೆಗಳು ಒಲೆಯ ಹತ್ತಿರ ಸುಳಿಯುವುದಿಲ್ಲ. ಪಿತೃಗಳು ಬಂದು ಉಣ್ಣುವುದು ಕೊಲಂಬಸನಿಗೆ ಮುಂಚಿನ ಊಟ. ಇಟಲಿಯವರಿಗೂ ಶ್ರಾದ್ಧವೆಂಬುದಿದ್ದರೆ ಅವರೂ ಆ ದಿನ ಬಿಳಿಯ ಪಾಸ್ತವನ್ನೇ ಬಡಿಸಬೇಕಾಗುತ್ತಿತ್ತು. ಒಂದು ದೇಶದ ಜೀವಾಳವೆಂದು ಲೋಕ ಕೊಂಡಾಡುವ ಊಟವೂ ಹೊರಗಿನಿಂದ ಬಂದ ನೆಂಟನನ್ನು ಮನೆಯ ಮಗನನ್ನಾಗಿ ಮಾಡಿಕೊಂಡು ಬೆಳೆದದ್ದೇ.

ಇಷ್ಟು ಹೊತ್ತಿಗೆ ಅಣ್ಣ ಮಾತನ್ನು ತೆಗೆದ. ‘ನೋಡು ಅಮ್ಮ, ಎಷ್ಟು ಚೊಕ್ಕಟವಾಗಿದೆ. ನಮ್ಮ ಮನೆಯೂ ಹೀಗೆಯೇ ಇರುತ್ತದೆ. ಕೆಡವುವುದಿಲ್ಲವಂತೆ. ನೀನು ಇವನ ಜೊತೆ ಒಂದು ಒಳ್ಳೆಯ ಫ್ಲಾಟಿನಲ್ಲಿ ಇರಬಹುದು. ಸೋರುವುದಿಲ್ಲ, ಮೆಟ್ಟಿಲು ಹತ್ತುವ ಕಷ್ಟವಿಲ್ಲ.’

ನಾನು ಸುಮ್ಮನಿರಲಿಲ್ಲ. ಕನ್ನಡ ಎಂ.ಎ. ಮಾಡಿದವನಿಗೆ ಪರಂಪರೆಯ ಮೇಲೆ ಭಾಷಣ ಮಾಡಲು ಸಿದ್ಧತೆ ಬೇಕಾಗುವುದಿಲ್ಲ. ಬಸವನಗುಡಿಯ ಮನೆಗಳು ಒಂದೊಂದಾಗಿ ಹೋಟೆಲುಗಳಾಗುತ್ತಿರುವುದನ್ನು ಹೇಳಿದೆ. ಇಟಲಿಯವರ ಉದಾಹರಣೆಯನ್ನೇ ಕೊಟ್ಟೆ. 1986ರಲ್ಲಿ ರೋಮ್ ನಗರದ ಹಳೆಯ ಚೌಕವೊಂದರ ಬಳಿ ಅಮೆರಿಕದ ಮ್ಯಾಕ್‌ಡೊನಾಲ್ಡ್ಸ್ ಹೋಟೆಲು ಬಾಗಿಲು ತೆರೆದಾಗ ಅಲ್ಲಿನ ಜನ ಪ್ರತಿಭಟಿಸಿದರು. ಆ ಕಿಡಿಯಿಂದಲೇ ಕಾರ್ಲೊ ಪೆಟ್ರಿನಿಯವರ ‘ನಿಧಾನದ ಊಟ’ದ ಚಳವಳಿ ಹುಟ್ಟಿ, 1989ರಲ್ಲಿ ದೇಶದೇಶಗಳವರು ಸೇರಿ ಅದರ ಘೋಷಣಾಪತ್ರಕ್ಕೆ ಸಹಿ ಹಾಕಿದರು. ‘ಪಿಜ್ಜ ಮಾಡುವವರೇ ತಮ್ಮ ಊರನ್ನು ಕಾಪಾಡಿಕೊಳ್ಳುವಾಗ, ನಾವು ನಮ್ಮ ಮನೆಯನ್ನು ಪಿಜ್ಜದವರಿಗೆ ಕೊಡುವುದೆ?’ ಎಂದು ಮುಗಿಸಿದೆ. ಮಾತಿನ ಕೊನೆ ಚೆನ್ನಾಗಿ ಬಂತೆಂದು ನನಗೇ ಅನ್ನಿಸಿತು.

‘ಆ ಚಳವಳಿಯವರು ಕಾಲೇಜಿನ ಫೀಜು ಕಟ್ಟುತ್ತಾರೇನೋ?’ ಎಂದು ಅಣ್ಣ ಕೇಳಿದ. ಅವನ ಧ್ವನಿಯಲ್ಲಿ ಕೋಪವಿರಲಿಲ್ಲ, ಆಯಾಸವಿತ್ತು. ಮಗಳು ತಟ್ಟೆಯ ಕಡೆ ಮುಖ ಬಗ್ಗಿಸಿದಳು. ತನ್ನ ಓದಿನ ವಿಷಯ ಮೇಜಿನ ಮೇಲೆ ಬಂದು ಬಿದ್ದದ್ದು ಆ ಮಗುವಿಗೆ ನೋವಾಗಿತ್ತು.

ಅಮ್ಮ ನಮ್ಮಿಬ್ಬರಿಗೂ ಉತ್ತರ ಕೊಡಲಿಲ್ಲ. ಎದ್ದು ತಾರಸಿಯ ಅಂಚಿನ ಗಾಜಿನ ತಡೆಯ ಹತ್ತಿರ ಹೋಗಿ ನಿಂತರು. ನಾನೂ ಹಿಂದೆ ಹೋದೆ. ಕೆಳಗೆ ಮರಗಳ ತಲೆಗಳ ನಡುವೆ ಹಳೆಯ ತಾರಸಿಗಳು ಕತ್ತಲೆಯ ಚೌಕಗಳಾಗಿ ಹರಡಿದ್ದವು. ನೀರಿನ ತೊಟ್ಟಿಯ ಪಕ್ಕದಲ್ಲಿ ಹೊತ್ತಿಸಿಟ್ಟು ಬಂದಿದ್ದ ದೀಪದಿಂದ ನಮ್ಮ ಮನೆಯ ತಾರಸಿಯೂ ಗುರುತು ಸಿಕ್ಕಿತು. ನಲವತ್ತೈದು ವರ್ಷ ಅದರ ಕೆಳಗೆ ಬಾಳಿದ ನಮ್ಮ ತಾಯಿ ಅದನ್ನು ಮೇಲಿನಿಂದ ನೋಡಿದ್ದು ಅಂದೇ ಮೊದಲು.

‘ಎಷ್ಟು ಚಿಕ್ಕದು!’ ಎಂದರು. ಸ್ವಲ್ಪ ಹೊತ್ತಾದ ಮೇಲೆ, ‘ಈ ಹೋಟೆಲಿರುವ ಜಾಗದಲ್ಲಿ ಸಂಗೀತದ ಮೇಷ್ಟರೊಬ್ಬರ ಮನೆಯಿತ್ತು. ನಾನು ಮದುವೆಯಾಗಿ ಬಂದ ವರ್ಷ ಗೌರಿಯ ಅರಿಸಿನ ಕುಂಕುಮಕ್ಕೆ ಬಂದಿದ್ದೆ. ದೊಡ್ಡ ನಡುಮನೆ. ಒಳಗೆ ಹೋಗುವವರು ಯಾರು, ಹೊರಗೆ ನಿಲ್ಲುವವರು ಯಾರು ಎನ್ನುವುದು ಯಾರೂ ಹೇಳದೆಯೇ ಎಲ್ಲರಿಗೂ ಗೊತ್ತಿತ್ತು. ನಮ್ಮ ಮನೆಯಲ್ಲೂ ಹಾಗೆಯೇ. ಹಿತ್ತಿಲು ಗುಡಿಸುವುದಕ್ಕೆ ಒಬ್ಬಳು ಬರುತ್ತಿದ್ದಳು. ಹಬ್ಬದ ದಿನ ನಿಮ್ಮಜ್ಜಿ ಅವಳಿಗೆ ಹೋಳಿಗೆ ಕೊಡುತ್ತಿದ್ದರು, ಬೇಕಾದಷ್ಟು ಕೊಡುತ್ತಿದ್ದರು. ಆದರೆ ಮೇಲಿನಿಂದ ಸೆರಗಿಗೆ ಹಾಕುತ್ತಿದ್ದರು. ಅವಳು ಅದನ್ನು ಬಾವಿಕಟ್ಟೆಯ ಹಿಂದೆ ಕುಳಿತು ತಿನ್ನುತ್ತಿದ್ದಳು. ನಮ್ಮ ತಾರಸಿಯ ಬೆಳದಿಂಗಳ ಊಟಕ್ಕೆ ಅವಳ ಮಕ್ಕಳು ಒಂದು ದಿನವೂ ಬರಲಿಲ್ಲ. ಬಾ ಎಂದು ನಾವೂ ಕರೆಯಲಿಲ್ಲ. ಇಲ್ಲಿ ನೋಡು, ಆ ಹುಡುಗ ಯಾರು ಬಂದರೂ ಕುರ್ಚಿ ಎಳೆದು ಕೂರಿಸುತ್ತಾನೆ’ ಎಂದರು.

ನಾನು ಪರಂಪರೆಯೆಂದು ಕರೆದದ್ದರ ಹಿತ್ತಿಲ ಬಾಗಿಲನ್ನು ನಮ್ಮ ತಾಯಿ ಇಷ್ಟು ಸಲೀಸಾಗಿ ತೆರೆದುಬಿಟ್ಟರು. ಹೋಟೆಲನ್ನು ನಾಲಗೆಯ ಚಪಲವೆಂದು ಹೀಗಳೆದವರೇ ಹೆಚ್ಚು. ಆದರೆ ಈ ದೇಶದಲ್ಲಿ ಪರಸ್ಪರ ಪರಿಚಯವಿಲ್ಲದವರು ಒಂದೇ ಸೂರಿನಡಿ ಕುಳಿತು ಉಣ್ಣುವುದನ್ನು ಕಲಿತದ್ದು ಬಹುಮಟ್ಟಿಗೆ ಹೋಟೆಲಿನಲ್ಲಿ. ಅದೂ ಒಮ್ಮೆಗೇ ಆದುದಲ್ಲ. ಬ್ರಾಹ್ಮಣರಿಗೆಂದು ಬೇರೆ ಕೋಣೆಯಿದ್ದ ಕಾಫಿ ಕ್ಲಬ್ಬುಗಳನ್ನು ಕಂಡವರು ನಮ್ಮ ಹಿಂದಿನ ತಲೆಮಾರಿನಲ್ಲಿದ್ದರು. 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನ ತನ್ನ ಹದಿನೈದನೆಯ ವಿಧಿಯಲ್ಲಿ ಅಂಗಡಿಗಳ ಜೊತೆಗೆ ಹೋಟೆಲುಗಳನ್ನೂ ಹೆಸರಿಸಿ, ಜಾತಿಯ ಕಾರಣದಿಂದ ಯಾರಿಗೂ ಅಲ್ಲಿ ಪ್ರವೇಶವನ್ನು ತಡೆಯಕೂಡದೆಂದು ಹೇಳಬೇಕಾಯಿತು. ಒಂದು ರಾಷ್ಟ್ರದ ಮೂಲಶಾಸನದಲ್ಲಿ ಹೋಟೆಲಿನ ಮಾತು ಬರಬೇಕಾದರೆ, ಜೊತೆಯಲ್ಲಿ ಕುಳಿತು ಉಣ್ಣುವುದು ಎಷ್ಟು ದೊಡ್ಡ ವಿಷಯವಾಗಿದ್ದಿರಬೇಕು! ನಾನು ಈ ಮಾತನ್ನು ಹೇಳಿದಾಗ ಅಮ್ಮ, ‘ಅದೆಲ್ಲ ಸರಿ. ಪಟ್ಟಿಯಲ್ಲಿ ಬೆಲೆ ನೋಡಿದೆಯಾ? ಆ ಗುಡಿಸುವವಳ ಮೊಮ್ಮಕ್ಕಳು ಇಲ್ಲಿಗೂ ಬರುವ ಹಾಗಿಲ್ಲ’ ಎಂದರು. ಹಳೆಯ ಬಾಗಿಲಿಗೆ ಜಾತಿಯ ಅಗುಳಿ. ಹೊಸ ಬಾಗಿಲಿಗೆ ಬೆಲೆಯ ಅಗುಳಿ. ಎರಡನೆಯದನ್ನು ದುಡಿದು ತೆಗೆಯಬಹುದು, ಹುಟ್ಟಿನಿಂದ ಬಂದುದನ್ನು ದುಡಿದು ತೆಗೆಯುವಂತಿರಲಿಲ್ಲ. ಇದೇನು ಸಣ್ಣ ವ್ಯತ್ಯಾಸವಲ್ಲ. ಆದರೂ ಅಗುಳಿ ಅಗುಳಿಯೇ.

ಮೇಜಿಗೆ ಹಿಂದಿರುಗಿದ ಮೇಲೆ ಅಮ್ಮ ತೀರ್ಪು ಕೊಟ್ಟರು. ಸಿಹಿಯ ತಟ್ಟೆ ಎದುರಿಗಿತ್ತು.

‘ಮನೆಯನ್ನು ಹೋಟೆಲಿಗೆ ಕೊಡುವುದರಲ್ಲಿ ನನಗೆ ಅವಮಾನವೇನೂ ಕಾಣುವುದಿಲ್ಲ. ಅನ್ನ ಬಡಿಸುವ ಜಾಗ ಕೆಟ್ಟದ್ದಲ್ಲ. ಆದರೆ ನಾನು ಇರುವವರೆಗೆ ಬೇಡ. ಈ ವಯಸ್ಸಿನಲ್ಲಿ ಕತ್ತಲೆಯಲ್ಲಿ ಎದ್ದರೆ ಬಚ್ಚಲು ಎಲ್ಲಿದೆಯೆಂದು ನನ್ನ ಕಾಲಿಗೆ ಗೊತ್ತಿದೆ. ಬೇರೆ ಮನೆಯಲ್ಲಿ ಅದಕ್ಕೆ ಮತ್ತೆ ಪಾಠ ಹೇಳಲಾರೆ. ನಾನು ಹೋದ ಮೇಲೆ ಹೋಟೆಲು ಮಾಡಿ. ಬಾಗಿಲು ಹಾಕಿ ಗೋದಾಮು ಮಾತ್ರ ಮಾಡಬೇಡಿ.’

ಅಣ್ಣ ತಲೆ ತಗ್ಗಿಸಿದ. ನಾನು ಗೆದ್ದವನ ಗಾಂಭೀರ್ಯದಿಂದ ನೀರು ಕುಡಿದೆ. ಆದರೆ ಅಮ್ಮ ಇನ್ನೂ ಮುಗಿಸಿರಲಿಲ್ಲ. ನನ್ನ ಕಡೆ ತಿರುಗಿದರು.

‘ಮನೆ ಇಬ್ಬರದು. ಇರುವವನು ನೀನೊಬ್ಬನೇ. ಅವನ ಪಾಲಿನಲ್ಲಿ ಇರುವುದಕ್ಕೆ ನೀನು ಬಾಡಿಗೆ ಕೊಡು. ಆ ವ್ಯಾಪಾರಸ್ಥರು ಹೇಳಿದಷ್ಟು ಬೇಡ. ನಮ್ಮ ಬೀದಿಯಲ್ಲಿ ಅಂಥ ಮನೆಗೆ ಸಂಸಾರಸ್ಥರು ಕೊಡುವಷ್ಟರಲ್ಲಿ ಅರ್ಧ ಕೊಡು. ಮಗುವಿನ ಓದಿಗೆ ಅದು ಹೋಗಲಿ. ನಿಮ್ಮಪ್ಪ ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿ ಇಟ್ಟದ್ದರಲ್ಲಿ ನಾನೂ ಸ್ವಲ್ಪ ಕೊಡುತ್ತೇನೆ. ತಾರಸಿ ಸೋರುವುದನ್ನು ಇಬ್ಬರೂ ಸೇರಿ ಸರಿಮಾಡಿಸಿ.’

ಮೇಜಿನ ಸುತ್ತ ಮೌನ ಕವಿಯಿತು. ಅತ್ತಿಗೆ ಏನೋ ಹೇಳಹೊರಟು ನಿಲ್ಲಿಸಿದರು. ‘ಬೇಡ ಅಮ್ಮ, ತಮ್ಮನಿಂದ ಬಾಡಿಗೆ ತೆಗೆದುಕೊಳ್ಳುವುದೇ?’ ಎಂದು ಅಣ್ಣ ಸಂಕೋಚದಿಂದ ಅಂದ. ‘ತಮ್ಮನಿಗೆ ಮನೆ ಬೇಕಂತೆ. ಬೇಕಾದದ್ದಕ್ಕೆ ಬೆಲೆ ಕೊಡುವುದು ಮರ್ಯಾದೆ’ ಎಂದರು ಅಮ್ಮ. ನನ್ನಾಕೆ ನನ್ನನ್ನು ನೋಡದೆಯೇ, ‘ಕೊಡೋಣ ಅತ್ತೆ’ ಎಂದಳು. ಅರ್ಥಶಾಸ್ತ್ರದ ತಿಳಿವಳಿಕೆ ನಮ್ಮ ಸಂಸಾರದಲ್ಲಿ ಹೆಂಗಸರ ಕಡೆಗೇ ಹರಿದಿದೆ. ಹದಿನಾರರ ಹುಡುಗಿ ಮೊದಲ ಬಾರಿಗೆ ತಲೆಯೆತ್ತಿ, ‘ಅಜ್ಜಿ, ನನಗೆ ವಿದ್ಯಾರ್ಥಿವೇತನ ಸಿಕ್ಕಿದರೆ ಚಿಕ್ಕಪ್ಪನಿಗೆ ಬಾಡಿಗೆ ಕಡಿಮೆ ಮಾಡುತ್ತೀಯಾ?’ ಎಂದು ಕೇಳಿದಳು. ಆಗ ಎಲ್ಲರೂ ನಕ್ಕೆವು. ನಗು ಬಂದ ಮೇಲೆ ಸಿಹಿಯೂ ಬಾಯಿಗೆ ಹೋಯಿತು.

ಕುಂದಾಪುರದ ಹುಡುಗ ಬಿಲ್ಲನ್ನು ಚರ್ಮದ ಕಡತದಲ್ಲಿಟ್ಟು ತಂದ. ತೆರಿಗೆ ಸೇರಿ ಏಳು ಸಾವಿರ ರೂಪಾಯಿಗೆ ಸ್ವಲ್ಪ ಕಡಿಮೆ. ಅಣ್ಣನೇ ಕೊಟ್ಟ, ನಾನು ಕೈ ಚಾಚಿದರೆ, ‘ನಿನ್ನದು ಮುಂದಿನ ತಿಂಗಳಿಂದ’ ಎಂದ. ಅಮ್ಮ ಎದ್ದು ಹೊರಡುವಾಗ ಹುಡುಗನಿಗೆ, ‘ಊಟ ಚೆನ್ನಾಗಿತ್ತಪ್ಪ. ಆ ಶ್ಯಾವಿಗೆಗೆ ಒಂದು ಒಗ್ಗರಣೆ ಕೊಟ್ಟಿದ್ದರೆ ಇನ್ನೂ ಚೆನ್ನಾಗಿರುತ್ತಿತ್ತು’ ಎಂದು ಹೇಳಿದರು. ಅವನು ಅಡಿಗೆಯವರಿಗೆ ತಿಳಿಸುವುದಾಗಿ ಮಾತು ಕೊಟ್ಟ.

ಇದಾಗಿ ಐದು ತಿಂಗಳಾದುವು. ಪ್ರತಿ ತಿಂಗಳ ಐದನೆಯ ತಾರೀಖಿನೊಳಗೆ ಪುಣೆಗೆ ಹಣ ಹೋಗುತ್ತಿದೆ. ಬಾಡಿಗೆ ಕೊಡಲು ತೊಡಗಿದ ಮೇಲೆ ಆ ಮನೆ ನನಗೆ ಮೊದಲಿಗಿಂತ ಸ್ಪಷ್ಟವಾಗಿ ಕಾಣುತ್ತಿದೆ. ಹಿಂದೆ ಹೊಗಳುತ್ತಿದ್ದ ತೇಗದ ತ���ಲೆಗೆ ಈಗ ಗೆದ್ದಲು ಹತ್ತದಂತೆ ಎಣ್ಣೆ ಸವರುತ್ತೇನೆ. ಗಾರೆಯವರು ಬಂದು ತಾರಸಿಯ ಬಿರುಕುಗಳನ್ನು ಮುಚ್ಚಿದ್ದಾರೆ. ಈ ಸಲದ ಮಳೆ ಹೊರಗೇ ನಿಂತಿತು. ಇಟಲಿಯ ಹೋಟೆಲಿಗೆ ಮತ್ತೆ ಹೋಗಲು ನಮ್ಮ ಲೆಕ್ಕದಲ್ಲಿ ಸದ್ಯಕ್ಕೆ ಜಾಗವಿಲ್ಲ. ಆದರೆ ಅಮ್ಮ ಗಾಂಧಿ ಬಜಾರಿನಿಂದ ಕಾಮಕಸ್ತೂರಿಯ ಗಿಡವೊಂದನ್ನು ತಂದು ತಾರಸಿಯ ಕುಂಡದಲ್ಲಿ ನೆಟ್ಟಿದ್ದಾರೆ. ಬೆಳಿಗ್ಗೆ ಅದರ ಕುಡಿ ದೇವರಿಗೆ ಏರುತ್ತದೆ. ಕೆಲವು ಸಂಜೆ, ದೇವರು ಒಪ್ಪಿಗೆ ಕೊಟ್ಟಾನೆಂಬ ಭರವಸೆಯಿಂದ, ನಾಲ್ಕೆಲೆ ಒಗ್ಗರಣೆ ಹಾಕಿದ ಶ್ಯಾವಿಗೆಗೂ ಬೀಳುತ್ತದೆ. ಮನೆಗೆಲಸದವಳ ಮಗ ಶಾಲೆ ಮುಗಿಸಿಕೊಂಡು ನೇರವಾಗಿ ನಮ್ಮ ಮನೆಗೇ ಬರುತ್ತಾನೆ. ಒಂದು ತಟ್ಟೆ ಅವನಿಗೆ. ಖಾರ ಸಾಲದೆಂದು ಅವನ ದೂರು.